ಎಡಮೂಲೆಯ ಬೆನ್ನುಮಣ್ಣು

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಮೊದಲು ಚಪ್ಪಲಿ ಬಿಡುತ್ತಾರೆ, ಆಮೇಲೆ ಗಾಜುಗೂಡಿನ ಮುಂದೆ ಒಂದು ಗಳಿಗೆ ಕುಕ್ಕರಗಾಲಲ್ಲಿ ಕೂರುತ್ತಾರೆ, ಆಮೇಲೆ ಮನೆಯವರನ್ನು ಮಾತಾಡಿಸುತ್ತಾರೆ. ಈಗಿನ ಹುಡುಗರು ನಿಂತೇ ಬಗ್ಗಿ ನೋಡುತ್ತಾರೆ, ಅಷ್ಟೇ ವ್ಯತ್ಯಾಸ. ಪಡಸಾಲೆಯ ಗೋಡೆಗೆ ಒತ್ತಿ ಇಟ್ಟ, ಎದೆಯೆತ್ತರದ ಗಾಜಿನ ಪೆಟ್ಟಿಗೆ ಅದು. ತಳದಲ್ಲಿ ಗೇಣಾಳದ ನೀರು, ನೀರಲ್ಲಿ ಉಗುರಿನಷ್ಟು ಮೀನುಗಳು, ದಡಕ್ಕೆ ಬೆಣಚುಕಲ್ಲು, ಕಲ್ಲಿನ ಸಂದಿಯಲ್ಲಿ ಏಡಿ. ಮೂರು ಕಡೆ ಬರೀ ಗಾಜು. ಹಿಂದುಗಡೆಯ ಗಾಜಿಗೆ ಮಾತ್ರ ತಳದಿಂದ ಮೇಲಿನವರೆಗೆ ನಾಲ್ಕು ಬೆರಳು ದಪ್ಪ ಜೇಡಿಮಣ್ಣು ಮೆತ್ತಿರುತ್ತದೆ. ಅದಕ್ಕೆ ಬೆನ್ನುಮಣ್ಣು ಅನ್ನುತ್ತೇವೆ. ಅದರ ಮೈಮೇಲೆ ಪಾಚಿ, ಜರೀಗಿಡ, ಒಂದೆಲಗ. ಅದರಲ್ಲಿ ಹೆಬ್ಬೆರಳಿಂದ ಒತ್ತಿ ಮಾಡಿದ ಗೂಡುಗಳಲ್ಲಿ ಕಪ್ಪೆ.

ಬೆನ್ನುಮಣ್ಣು ಆ ಮನೆಯವರ ಕೈಗೆ ಮಾತ್ರ ನಿಲ್ಲುತ್ತದೆ. ಬೇರೆಯವರು ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಜಾರಿ ನೀರು ಸೇರಿರುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಬೆಂಕಿ ಸುಡುತ್ತದೆ ಅಂತ ಯಾರಾದರೂ ಹೇಳಿಕೊಡುತ್ತಾರಾ? ಹೊಸ ಸೊಸೆ ಬಂದ ಮನೆಯಲ್ಲಿ ಅವಳ ಕೈಯಿಂದ ಮೂಲೆಗೆ ಒಂದು ಉಂಡೆ ಹಚ್ಚಿಸುತ್ತಾರೆ. ಬಿದ್ದರೆ ಸೊಸೆಯನ್ನು ಯಾರೂ ಏನೂ ಅನ್ನುವುದಿಲ್ಲ, ಅತ್ತೆಯನ್ನು ಓಣಿಯೆಲ್ಲ ಬೈಯುತ್ತದೆ. ಮನೆ ಮಾರುವವರು ತಮ್ಮ ಮಣ್ಣು ಪೂರ್ತಿ ಉದುರಿದ ಮೇಲೆಯೇ ಬೀಗದ ಕೈ ಕೊಡುವುದು. ಹಚ್ಚಿದವರು ಬಿಟ್ಟುಹೋದ ಮೇಲೆ ಇವತ್ತಲ್ಲ ನಾಳೆ ಅವರ ಮಣ್ಣು ಇಳಿಯಲೇಬೇಕು. ಹಾಗೇ ಇನ್ನೊಂದು ಕಟ್ಟಳೆ ಇದೆ. ಬೆನ್ನುಮಣ್ಣು ನಿಲ್ಲದ ಮನೆಯಲ್ಲಿ ಮಕ್ಕಳು ಮಲಗುವಂತಿಲ್ಲ. ಮಣ್ಣು ಬಿದ್ದರೆ ಮುಂದಿನ ಅಮಾವಾಸ್ಯೆಯವರೆಗೆ ಪುರುಸೊತ್ತು. ಅಷ್ಟರಲ್ಲಿ ನಿಲ್ಲಿಸಿಕೊಳ್ಳದಿದ್ದರೆ ಓಣಿಯ ಹಿರಿಯರು ಬಂದು ಮಗುವಿನ ಹಾಸಿಗೆ ಸುತ್ತಿ, ಮಣ್ಣು ನಿಂತಿರುವ ಮನೆಗೆ ಹೊತ್ತು ಹೋಗುತ್ತಾರೆ. ಜಗಳ ಇಲ್ಲ, ಗದ್ದಲ ಇಲ್ಲ. ಹಾಸಿಗೆ ಹೊರುವವರೇ ಕಣ್ಣೊರೆಸಿಕೊಂಡು ಹೋಗುವುದನ್ನು ನಾನು ಸಣ್ಣವನಿದ್ದಾಗ ನೋಡಿದ್ದೇನೆ.

ನಮ್ಮ ಮನೆಯ ಬೆನ್ನುಮಣ್ಣನ್ನು ಹಚ್ಚಿದ್ದು ನಾನು ಮತ್ತು ನನ್ನ ಹೆಂಡತಿ ಶಿವಗಂಗೆ, ಮದುವೆಯಾದ ವರ್ಷ. ಅವಳು ಕೆರೆಯಿಂದ ತಂದ ಮಣ್ಣನ್ನು ನೆನೆಹಾಕಿ, ಕಡ್ಡಿ ಕಸ ಆರಿಸಿ, ತೆಂಗಿನ ನಾರು, ಇದ್ದಿಲ ಪುಡಿ, ಒಂದು ಹಿಡಿ ಮರಳು ಸೇರಿಸಿ, ಹೋಳಿಗೆ ಕಣಕ ನಾದಿದ ಹಾಗೆ ನಾದುತ್ತಿದ್ದಳು. ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ಅಂಗೈಯ ಬುಡದಿಂದ ಒತ್ತಬೇಕು, ಗಾಜಿಗೂ ಮಣ್ಣಿಗೂ ನಡುವೆ ಗಾಳಿ ಉಳಿಯಬಾರದು. "ನಿಮ್ಮದು ಭಟ್ಟಿ ಕೈ, ಬಿಸಿ ಇರ್ತದೆ, ಮಣ್ಣು ಬೇಗ ಒಣಗ್ತದೆ, ತಣ್ಣೀರಲ್ಲಿ ಅದ್ದಿಕೊಂಡು ಒತ್ರಿ" ಅನ್ನುತ್ತಿದ್ದಳು. ನಾನು ಗಾಜಿನ ಭಟ್ಟಿಯವನು. ಊರಿನ ಅರ್ಧ ಗೂಡುಗಳ ಗಾಜು ನಮ್ಮ ಭಟ್ಟಿಯಲ್ಲೇ ಇಳಿದದ್ದು. ಮಗಳು ಹೊನ್ನಿ ಹುಟ್ಟಿದಾಗ ಅವಳ ಕೂಸುಗೈಯನ್ನೂ ಹಿಡಿದು ಒಂದು ಕಡೆ ಒತ್ತಿಸಿದ್ದೆವು. ನಾಣ್ಯದಷ್ಟು ಗುರುತು. ಅದರಲ್ಲಿ ಪಾಚಿ ಬೆಳೆದು ಹಸಿರು ಹೂವಿನ ಹಾಗೆ ಕಾಣುತ್ತಿತ್ತು.

ಶಿವಗಂಗೆ ಜ್ವರದಲ್ಲಿ ಹೋದಳು. ಹೊನ್ನಿಗೆ ಆಗ ಇನ್ನೂ ಅವ್ವ ಎಲ್ಲಿಗೋ ಹೋಗಿದ್ದಾಳೆ, ಬರುತ್ತಾಳೆ ಅನ್ನುವಷ್ಟೇ ಬುದ್ಧಿ. ಶಿವಗಂಗೆ ಹೋದ ಮೇಲೂ ಮಣ್ಣು ನಿಂತೇ ಇತ್ತು. ಓಣಿಯವರು ಬಂದು ನೋಡಿ, "ಪುಣ್ಯಾತ್ಗಿತ್ತಿ, ಹೋಗೋಕೆ ಮನಸ್ಸಿಲ್ಲ ಅವಳಿಗೆ" ಅನ್ನುತ್ತಿದ್ದರು. ನಾನು ಭಟ್ಟಿಯಲ್ಲಿ ರಾತ್ರಿ ಪಾಳಿ ಕೇಳಿ ಹಾಕಿಸಿಕೊಂಡೆ. ಬೆಂಕಿಯ ಮುಂದೆ ಇದ್ದರೆ ಯೋಚನೆ ಬರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆ ಬಿಟ್ಟರೆ ಹಾಲಿನವನು ಬರುವಾಗ ವಾಪಸು ಬಂದು ಬೋರಲು ಬೀಳುತ್ತಿದ್ದೆ. ಹೊನ್ನಿಯನ್ನು ನೋಡಿಕೊಂಡಿದ್ದು ದ್ಯಾಮವ್ವ. ಓಣಿಯ ತುದಿಯಲ್ಲಿ ಮಂಡಕ್ಕಿ ಹುರಿದು ಮಾರುತ್ತಿದ್ದ ಒಂಟಿ ಹೆಂಗಸು. ನಮಗೆ ನೆಂಟಳಲ್ಲ, ಪೈಕಿಯವಳೂ ಅಲ್ಲ. ಸಂಜೆ ತನ್ನ ಮನೆಗೆ ಚಿಲಕ ಹಾಕಿಕೊಂಡು ಬಂದು ನಮ್ಮಲ್ಲೇ ಅಡಿಗೆ ಮಾಡಿ, ಹೊನ್ನಿಯನ್ನು ತಬ್ಬಿಕೊಂಡು ಮಲಗುತ್ತಿದ್ದಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊನ್ನಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಭಟ್ಟಿಯಿಂದ ಬರುತ್ತೇನೆ, ಗೂಡಿನ ನೀರೆಲ್ಲ ಕೆಂಪು. ಹಿಂದಿನ ಗಾಜು ಬೆತ್ತಲೆ. ಜರೀಗಿಡಗಳು ಬೇರು ಮೇಲೆ ಮಾಡಿ ತೇಲುತ್ತಿವೆ. ಹೊನ್ನಿ ಕಪ್ಪೆಯನ್ನು ಹಿತ್ತಾಳೆ ಚೊಂಬಿಗೆ ಹಾಕಿ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಆ ಕಪ್ಪೆಗೆ ಅವಳು ಇಟ್ಟ ಹೆಸರು ಮೇಷ್ಟ್ರು. ದಿನವಿಡೀ ಒಂದೇ ಕಡೆ ಕೂತು ಗಂಟಲು ಉಬ್ಬಿಸುತ್ತದೆ ಅಂತ.

"ಅಪ್ಪಾ, ಅವ್ವ ಹೋದ್ಲು" ಅಂದಳು.

ಬುಟ್ಟಿ ತಗೊಂಡು ಕೆರೆಗೆ ಹೋದೆ.

ಮೊದಲನೇ ಸಲ ಹಚ್ಚಿದ್ದು ಅವತ್ತೇ, ಕಣ್ಣಲ್ಲಿ ನಿದ್ದೆ ಇಟ್ಟುಕೊಂಡು. ಹೊನ್ನಿ ಉಂಡೆ ಮಾಡಿ ಕೊಟ್ಟಳು, ನಾನು ಒತ್ತಿದೆ. ಮಾರನೇ ದಿನ ಬಂದರೆ ಎಲ್ಲ ನೀರಲ್ಲಿ. ಮಣ್ಣು ತೆಳುವಾಯಿತು ಅಂದುಕೊಂಡೆ. ಎರಡನೇ ಸಲ ನಾರು ಹೆಚ್ಚು ಹಾಕಿದೆ, ಮರಳು ಹೆಚ್ಚು ಹಾಕಿದೆ, ಒಂದು ಹೊತ್ತು ಆರಲು ಬಿಟ್ಟು ಆಮೇಲೆ ನೀರು ಬಿಟ್ಟೆ. ಅದೂ ಇಳಿಯಿತು. ಭಟ್ಟಿಯಲ್ಲಿ ನನ್ನ ಜೊತೆಗಾರ ಪಾಲಾಕ್ಷಿ ಅಂದ, "ಮರುಳಣ್ಣ, ಕೆರೆ ಮಣ್ಣು ಈಗ ಮೊದಲಿನಂಗಿಲ್ಲ ಕಣಣ್ಣ, ಹುತ್ತದ ಮಣ್ಣು ತಗೊ." ಹುತ್ತದ ಮಣ್ಣು ತಂದೆ. ದ್ಯಾಮವ್ವ ಅಟ್ಟದ ಮೇಲೆ ಮೊರ ಹುಡುಕುತ್ತಿದ್ದವಳು ಅಲ್ಲಿಂದಲೇ ಕೂಗಿದಳು. "ಮಣ್ಣು ಬದಲಾಯಿಸ್ತಾನಂತೆ ಮಣ್ಣು. ಊರಿಗೆಲ್ಲ ಗಾಜು ಮಾಡ್ಕೊಡ್ತೀಯಲ್ಲೋ, ನಿನ್ನ ಮಗಳ ಮುಂದಿನ ಹಲ್ಲು ಬಿದ್ದಿದ್ದು ಗೊತ್ತಾ ನಿನಗೆ?"

ಹೊನ್ನಿ ಕಡೆ ನೋಡಿದೆ. ಬಾಯಿ ಬಿಟ್ಟು ತೋರಿಸಿದಳು. ಎರಡು ಹಲ್ಲು ಇರಲಿಲ್ಲ. ಒಂದರ ಜಾಗದಲ್ಲಿ ಹೊಸದು ಅರ್ಧ ಬಂದಾಗಿತ್ತು.

ಅಮಾವಾಸ್ಯೆಗೆ ಮುಂಚಿನ ದಿನ ಭಟ್ಟಿಯ ಒಳಗೋಡೆಗೆ ಹೊಸ ಗಾರೆ ಬಳಿಯುವ ರಜೆ. ಅವತ್ತು ಮೂವರೂ ಕೂತೆವು. ದ್ಯಾಮವ್ವ ಸೆರಗು ಸಿಕ್ಕಿಸಿಕೊಂಡು, "ಒಬ್ಬೊಬ್ಬರು ಒಂದೊಂದು ಪಾಲು ಹಚ್ಚೋಣ, ಯಾರದು ನುಣುಪು ನೋಡೋಣ" ಅಂದಳು. ಬಲಗಡೆ ಅವಳು, ನಡುವೆ ಹೊನ್ನಿ, ಎಡಗಡೆ ನಾನು. ಎಷ್ಟು ಚೆನ್ನಾಗಿತ್ತು ಆ ದಿನ! ಹೊನ್ನಿ ತನ್ನ ಪಾಲಿನಲ್ಲಿ ಮೇಷ್ಟ್ರಿಗೆ ಕುರ್ಚಿ ಮಾಡಿದಳು, ಕುರ್ಚಿಗೆ ಕೈ ಮಾಡಿದಳು. ದ್ಯಾಮವ್ವ ಮೆಟ್ಟಿಲು ಕೊರೆದಳು. "ಏಡಿಗೆ ಮಹಡಿ ಹತ್ತೋ ಆಸೆ ಇರಲ್ವಾ?" ಅಂತ. ನಾನು ಶಿವಗಂಗೆ ಹೇಳಿದ್ದ ಹಾಗೆ ಕೈಯನ್ನು ತಣ್ಣೀರಲ್ಲಿ ಅದ್ದಿ ಅದ್ದಿ ಒತ್ತಿದೆ. ಹೊನ್ನಿಯ ಮೂಗಿನ ಮೇಲೆ ಮಣ್ಣು, ದ್ಯಾಮವ್ವನ ಬೈತಲೆಯಲ್ಲಿ ಮಣ್ಣು. ಮಂಡಕ್ಕಿಗೆ ಖಾರ ಕಲಸಿ ಮಣ್ಣುಗೈಯಲ್ಲೇ ತಿಂದೆವು. ಈ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತು ಅಂತ ನನಗೆ ಆಗಲೇ ಹೊಳೆಯಲಿಲ್ಲ, ಈಗ ಹೊಳೆಯುತ್ತದೆ.

ಬೆಳಿಗ್ಗೆ ಹೊನ್ನಿ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

ಬಲಗಡೆ ನಿಂತಿತ್ತು. ಮೆಟ್ಟಿಲುಗಳ ಅಂಚು ಸಹ ಮುಕ್ಕಾಗಿರಲಿಲ್ಲ. ನಡುವಿನದು ನಿಂತಿತ್ತು, ಕುರ್ಚಿಯ ಕೈ ಸಮೇತ. ಎಡಗಡೆ ಗಾಜು ಖಾಲಿ. ಹೊನ್ನಿಯ ಪಾಲು ಮುಗಿದು ನನ್ನದು ಶುರುವಾಗುವ ಗೆರೆಯಲ್ಲಿ ಚಾಕುವಿನಿಂದ ಕೊಯ್ದ ಹಾಗೆ ಇತ್ತು. ಆ ಗೆರೆಯನ್ನು ನಾನು ಬಹಳ ಹೊತ್ತು ನೋಡಿದೆ. ಅದೇ ಮಣ್ಣು, ಅದೇ ನೀರು, ಅದೇ ನಾರು. ಬೇರೆಯದು ಅಂತ ಇದ್ದದ್ದು ಕೈ ಒಂದೇ.

"ಅಪ್ಪಾ, ನಿಂದು ಮಾತ್ರ ಬಿದ್ದೋಗಿದೆ" ಅಂದಳು ಹೊನ್ನಿ. ಯಾರದು ನುಣುಪು ಅನ್ನುವ ಪಂದ್ಯದಲ್ಲಿ ನಾನು ಸೋತೆ ಅನ್ನುವ ಹಾಗೆ. ಆಮೇಲೆ ಅವಳಿಗೂ ಏನೋ ತಿಳಿಯಿತು. ನನ್ನ ಮುಖ ನೋಡಿ ಚೊಂಬನ್ನು ಮಡಿಲಿಗೆ ಎಳೆದುಕೊಂಡಳು.

ದ್ಯಾಮವ್ವ ಬಂದು ನಿಂತಳು. ನೋಡಿದಳು. ಯಾವತ್ತೂ ಬಾಯಿ ಮುಚ್ಚದ ಹೆಂಗಸು ಅವತ್ತು ಮಾತಿಲ್ಲದೆ ಬುಟ್ಟಿಗೆ ಕೈ ಹಾಕಿ ಮಣ್ಣು ತೆಗೆದಳು. ಎಡಗಡೆಯ ಪಾಲನ್ನು ಕೆಳಗಿನಿಂದ ಹಚ್ಚತೊಡಗಿದಳು. ನಾನೂ ಕೈ ಚಾಚಿದೆ. "ನೀನು ಬೇಡ" ಅಂದಳು. ಸಿಟ್ಟಿಂದ ಅಲ್ಲ. ಬಿಸಿ ಪಾತ್ರೆ ಮುಟ್ಟಲು ಹೋದ ಮಗುವಿಗೆ ಹೇಳಿದ ಹಾಗೆ. "ಸಂಜೆಗೆ ಚೌಡಪ್ಪನೋರು ಬರ್ತಾರೆ. ಹಾಸಿಗೆ ಹೋಗೋದು ಬೇಡ ಅಂದ್ರೆ ನೀನು ಆ ಕಡೆ ಕೂತ್ಕೊ."

ಕಂಬಕ್ಕೆ ಒರಗಿ ಕೂತೆ. ನನ್ನ ಮನೆಯ ಬೆನ್ನುಮಣ್ಣನ್ನು ಮಂಡಕ್ಕಿ ಮಾರುವ ಹೆಂಗಸು ಮತ್ತು ನನ್ನ ಮಗಳು ಸೇರಿ ಹಚ್ಚುವುದನ್ನು, ನೆಂಟರ ಮನೆಗೆ ಬಂದವನ ಹಾಗೆ ನೋಡುತ್ತಾ ಕೂತೆ.

ಚೌಡಪ್ಪ ಓಣಿಯ ಹಿರಿಯ. ಜೊತೆಗೆ ಹಾಸಿಗೆ ಹೊರಲು ಇಬ್ಬರು ಬಂದಿದ್ದರು, ಹಗ್ಗ ಬೆನ್ನ ಹಿಂದೆ ಅಡಗಿಸಿಕೊಂಡಿದ್ದರು, ಮಗುವಿಗೆ ಕಾಣಬಾರದು ಅಂತ. ಅವನು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಂದಿನ ಗಾಜಿನ ಕಿಂಡಿ ಸರಿಸಿ, ಅಂಗೈಯಿಂದ ಬಲಗಡೆ ಒತ್ತಿ ನೋಡಿದ, ನಡುವೆ ಒತ್ತಿ ನೋಡಿದ, ಎಡಗಡೆ ಒತ್ತಿ ನೋಡಿದ. ಎಡಗಡೆಯ ಮಣ್ಣು ಇನ್ನೂ ಹಸಿ, ಬಣ್ಣವೇ ಬೇರೆ. ಆದರೂ ಗಟ್ಟಿಯಾಗಿ ಕೂತಿತ್ತು. ಆಮೇಲೆ ಕಟ್ಟಳೆಯಂತೆ ಹಚ್ಚಿದ ಕೈಗಳನ್ನು ನೋಡಿದ. ಹೊನ್ನಿ ಮಣ್ಣುಗೈ ಚಾಚಿದಳು. ದ್ಯಾಮವ್ವ ಚಾಚಿದಳು. ನನ್ನ ಕೈ ಸ್ವಚ್ಛವಾಗಿತ್ತು.

"ಮರುಳಣ್ಣ, ನಿಂದು?"

ದ್ಯಾಮವ್ವ ಅಂದಳು, "ತೊಳ್ಕೊಂಡ. ಭಟ್ಟಿಗೆ ಹೋಗಬೇಕಲ್ಲ ಅವನು. ಮಣ್ಣುಗೈಯಲ್ಲಿ ಗಾಜು ಊದ್ತಾನಾ?"

ಚೌಡಪ್ಪ ಹಸಿ ಮಣ್ಣನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ. "ಮಣ್ಣು ನಿಂತದೆ" ಅಂದ ಎಲ್ಲರಿಗೂ ಕೇಳುವ ಹಾಗೆ. ಹೊನ್ನಿಯ ತಲೆ ಸವರಿ, ಚಪ್ಪಲಿ ಮೆಟ್ಟುವಾಗ ನನಗೆ ಮಾತ್ರ ಕೇಳುವ ಹಾಗೆ, "ಕೈಯನ್ನ ಅಷ್ಟು ಚೆನ್ನಾಗಿ ತೊಳೀಬೇಡಪ್ಪ" ಅಂದ.

ಹೊನ್ನಿ ಮೇಷ್ಟ್ರನ್ನು ಚೊಂಬಿನಿಂದ ಕುರ್ಚಿಗೆ ಬಿಟ್ಟಳು. ಅವಳ ಹಾಸಿಗೆ ಮನೆಯಲ್ಲೇ ಉಳಿಯಿತು. ನಾನು ಆ ಮನೆಯಲ್ಲಿ ಉಳಿದದ್ದು ಹೇಗೆ ಅಂತ ಹೇಳುವುದು ಕಷ್ಟ. ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಸಾಮಾನು ತಂದು ಹಾಕುತ್ತಿದ್ದೆ. ಗೂಡಿನ ಮುಂದೆ ಹಾಯುವಾಗ ಮಾತ್ರ ಮುಖ ತಿರುಗಿಸುತ್ತಿದ್ದೆ.

ಕೆಲವು ದಿನ ಕಳೆದು ಏಡಿ ಎಡಗಡೆಯ ಕೆಳಮೂಲೆಯನ್ನು, ನೀರು ತಾಗುವಲ್ಲಿ, ಕೆರೆದು ಕೆರೆದು ಅಂಗೈಯಗಲ ಗಾಜು ಕಾಣುವ ಹಾಗೆ ಮಾಡಿತು. ದ್ಯಾಮವ್ವನಿಗೆ ತೋರಿಸಿದೆ. "ನಂಗೆ ಬಗ್ಗೋಕಾಗಲ್ಲ, ಸೊಂಟ ನೋವು. ನೀನೇ ಹಚ್ಕೊ" ಅಂದು ಮೊರ ಎತ್ತಿಕೊಂಡು ಹೋದಳು. ಅವತ್ತು ಬೆಳಿಗ್ಗೆ ತಾನೇ ಅವಳು ಬಗ್ಗಿ ಅಂಗಳ ಸಾರಿಸಿದ್ದನ್ನು ನಾನು ನೋಡಿದ್ದೆ.

ಹಚ್ಚಿದೆ. ಬಿತ್ತು. ಮಾರನೇ ಬೆಳಿಗ್ಗೆ ಭಟ್ಟಿಯಿಂದ ಬಂದವನೇ ಮತ್ತೆ ಹಚ್ಚಿದೆ, ಅದೂ ಬಿತ್ತು. ಹಚ್ಚುವಾಗ ಹೊನ್ನಿ ಪಕ್ಕದಲ್ಲಿ ಕೂತಿರುತ್ತಿದ್ದಳು, ಶಾಲೆಗೆ ಹೋಗುವ ಮೊದಲು. ಒಮ್ಮೆ ನಾನು ಬೇಸರದಿಂದ ಉಂಡೆಯನ್ನು ಬುಟ್ಟಿಗೆ ವಾಪಸು ಎಸೆದೆ. ಅವಳು ಅದನ್ನು ಎತ್ತಿ ಮತ್ತೆ ನನ್ನ ಕೈಗೆ ಇಟ್ಟಳು.

"ಬಿದ್ರೆ ಬೀಳ್ಲಿ ಬಿಡಪ್ಪ. ನಾಳೆ ಮತ್ತೆ ಹಚ್ಚು."

ಹಾಗೆ ಬೆಳಗಿನ ಆ ಹೊತ್ತು ನಮ್ಮಿಬ್ಬರದಾಯಿತು. ಮಣ್ಣು ಹಚ್ಚಿ ಕೈ ತೊಳೆಯುವ ಮೊದಲು ಅವಳು ಏನಾದರೂ ಹೇಳುತ್ತಿದ್ದಳು. ಬೆಂಚಿನಲ್ಲಿ ಪಕ್ಕ ಕೂರುವ ಹುಡುಗಿಯ ಜೊತೆ ಟೂ ಬಿಟ್ಟಿದ್ದು, ಮಗ್ಗಿ ತಪ್ಪಿದ್ದು, ಮೀನು ಮರಿ ಹಾಕಿದ್ದು. ಬಾಯಲ್ಲಿ ನೀರು ತುಂಬಿಕೊಂಡು ಪಾಚಿಯ ಮೇಲೆ ಮಂಜಿನ ಹಾಗೆ ಉಗ್ಗುವುದನ್ನು ಕಲಿಸಿದೆ. ಅರ್ಧ ನೀರು ಪಾಚಿಗೆ, ಅರ್ಧ ನನ್ನ ಮುಖಕ್ಕೆ. ಜಡೆ ಹಾಕುವುದನ್ನು ಅವಳೇ ನನಗೆ ಕಲಿಸಿದಳು. ನನ್ನ ಜಡೆ ಮಧ್ಯಾಹ್ನದ ಗಂಟೆ ಹೊಡೆಯುವವರೆಗೂ ನಿಲ್ಲುತ್ತಿರಲಿಲ್ಲವಂತೆ. "ನಿನ್ನ ಕೈಯಲ್ಲಿ ಏನೂ ನಿಲ್ಲಲ್ಲ ಕಣಪ್ಪ" ಅಂತ ನಗುತ್ತಿದ್ದಳು. ಆ ಮಾತು ನಗುವಾಗ ಬೇರೆ, ಅವಳು ಶಾಲೆಗೆ ಹೋದ ಮೇಲೆ ಬೇರೆ. ನಿದ್ದೆ ಅರ್ಧಕ್ಕರ್ಧ ಕಡಿಮೆಯಾಗಿ ಭಟ್ಟಿಯಲ್ಲಿ ತೂಕಡಿಸಿದೆ. ಪಾಲಾಕ್ಷಿ ಬೆನ್ನಿಗೆ ಗುದ್ದಿ, "ಮನೇಲಿ ಯಾರನ್ನ ಕಾಯ್ತೀಯೋ ಮಾರಾಯ ಹಗಲೆಲ್ಲ?" ಅನ್ನುತ್ತಿದ್ದ.

ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ ನೆನೆದುಕೊಂಡು ಬಂದು ನೋಡುತ್ತೇನೆ, ಎಡಮೂಲೆಯ ತೇಪೆ ನಿಂತಿದೆ. ನಂಬಿಕೆ ಬಾರದೆ ಬೆರಳಿಂದ ಒತ್ತಿದೆ. ಅಲುಗಲಿಲ್ಲ. "ಹೊನ್ನೀ!" ಅಂತ ಕೂಗಿದೆ. ಅವಳು ಅಡಿಗೆಮನೆಯಿಂದ ಬಂದಳು, ಕೈಯಲ್ಲಿ ಮಂಡಕ್ಕಿ ಬಟ್ಟಲು. ನನಗಿಂತ ಹೆಚ್ಚು ಕುಣಿದಳು. ನಾನೂ ಕುಣಿಯುವವನೇ. ಅಷ್ಟರಲ್ಲಿ ಅವಳ ಉಗುರುಗಳು ಕಂಡವು. ಬಟ್ಟಲು ಹಿಡಿದ ಪುಟ್ಟ ಬೆರಳುಗಳ ಉಗುರಿನ ಸಂದಿಯಲ್ಲಿ ಹಸಿ ಕೆಂಪು ಮಣ್ಣು.

ನಾನು ಕೇಳಲಿಲ್ಲ. ಹೇಗೆ ಕೇಳಲಿ? ಅಪ್ಪನ ತೇಪೆ ದಿನಾ ಬೀಳುವುದನ್ನು ನೋಡಲಾರದೆ ಮಗು ಬೇಗ ಎದ್ದು ತಾನೇ ಹಚ್ಚಿಟ್ಟಿದೆ. ಹಾಗೆಂದುಕೊಂಡೆ. ಅವತ್ತಿಂದ ಎಷ್ಟೋ ವರ್ಷ ಹಾಗೇ ಅಂದುಕೊಂಡೇ ಬದುಕಿದೆ. ವರ್ಷಕ್ಕೊಮ್ಮೆ ಆ ಮೂಲೆ ಸವೆದರೆ ನಾನು ಹಚ್ಚುತ್ತಿದ್ದೆ, ಅದು ನಿಲ್ಲುತ್ತಿತ್ತು, ನಾನು ಅವಳ ಉಗುರು ನೋಡುತ್ತಿರಲಿಲ್ಲ. ಆದರೆ ಬೆಳಗಿನ ಆ ಹೊತ್ತನ್ನು ಮಾತ್ರ ಬಿಡಲಿಲ್ಲ. ತೇಪೆ ಯಾರದಾದರೇನು, ಪಕ್ಕದಲ್ಲಿ ಕೂತವಳು ನನ್ನ ಮಗಳೇ ತಾನೆ.

ಕಾಲ ಹೋಯಿತು. ದ್ಯಾಮವ್ವ ಒಂದು ಮಧ್ಯಾಹ್ನ ಮಂಡಕ್ಕಿ ಒಲೆಯ ಮುಂದೆ ಕೂತಲ್ಲೇ ಹೋದಳು. ನಮ್ಮ ಗೂಡಿನ ಬಲಗಡೆಯ ಮೆಟ್ಟಿಲುಗಳು ಮಾತ್ರ ಹೋಗಲಿಲ್ಲ, ಅವಳ ಸ್ವಭಾವವೇ ಹಾಗೆ. ಹೊನ್ನಿ ಬೆಳೆದಳು, ಎರಡು ಓಣಿ ಆಚೆ ನೇಯ್ಗೆಯವರ ಹುಡುಗನನ್ನು ಇಷ್ಟಪಟ್ಟು ಮದುವೆಯಾದಳು. ಹೊಸ ಮನೆಗೆ ಗಾಜುಗೂಡನ್ನು ನಾನೇ ನನ್ನ ಕೈಯಿಂದ ಇಳಿಸಿಕೊಟ್ಟೆ, ಗುಳ್ಳೆಯಿಲ್ಲದ ಗಾಜು. ಅವಳೂ ಅವಳ ಗಂಡನೂ ಬೆನ್ನುಮಣ್ಣು ಹಚ್ಚಿದರು, ಮೊದಲನೇ ಸಲಕ್ಕೇ ನಿಂತಿತು. ಆ ಸುದ್ದಿ ಕೇಳಿ ಖುಷಿಪಟ್ಟು ಮನೆಗೆ ಬಂದೆ. ಬಂದು ಕಂಬಕ್ಕೆ ಒರಗಿ ಕೂತೆ. ಇನ್ನು ನಮ್ಮ ಮನೆಯ ಮಣ್ಣು ಇಳಿಯಬೇಕು. ಹಚ್ಚಿದವರಲ್ಲಿ ಒಬ್ಬಳು ಹೋದಳು, ಇನ್ನೊಬ್ಬಳು ಬೇರೆ ಮನೆ ಹೂಡಿದಳು. ಅದು ಕಟ್ಟಳೆ, ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಆ ವಾರವೆಲ್ಲ ಭಟ್ಟಿಯಿಂದ ಬಂದವನು ಬಾಗಿಲು ತೆಗೆಯುವ ಮೊದಲು ಒಂದು ಗಳಿಗೆ ನಿಲ್ಲುತ್ತಿದ್ದೆ.

ಇಳಿದದ್ದು ಒಂದು ಭಾನುವಾರ ಮಧ್ಯಾಹ್ನ, ನಾನು ನೋಡುತ್ತಿದ್ದಂತೆಯೇ. ಮೊದಲು ದ್ಯಾಮವ್ವನ ಮೆಟ್ಟಿಲುಗಳು, ಮೇಲಿನಿಂದ ಒಂದೊಂದಾಗಿ. ಆಮೇಲೆ ಹೊನ್ನಿಯ ಕುರ್ಚಿ, ಅದರ ಕೈ, ಅದರ ಸುತ್ತಲಿನ ಜರೀಗಿಡ. ಆಮೇಲೆ ಎಡಗಡೆ, ದ್ಯಾಮವ್ವ ಅವತ್ತು ಮಾತಿಲ್ಲದೆ ಹಚ್ಚಿದ್ದು. ಸದ್ದು ಜೋರೇನಿಲ್ಲ, ಒದ್ದೆ ಬಟ್ಟೆ ಕಳಚಿ ಇಟ್ಟ ಹಾಗೆ. ನೀರು ಕೆಂಪಾಯಿತು. ಮೇಷ್ಟ್ರು, ಅಂದರೆ ಆ ಮೇಷ್ಟ್ರ ಮೊಮ್ಮಗನೋ ಮರಿಮಗನೋ, ಎಲ್ಲಿ ಹೋಯಿತು ಅಂತ ಚೊಂಬು ಹಿಡಿದು ಹುಡುಕಿದೆ.

ಎಡಮೂಲೆಯಲ್ಲಿ ಕೂತಿತ್ತು. ನೀರು ತಾಗುವಲ್ಲಿ, ಅಂಗೈಯಗಲದ ಮಣ್ಣಿನ ಮೇಲೆ. ಗಾಜೆಲ್ಲ ಬೆತ್ತಲಾಗಿ ಅದೊಂದೇ ಉಳಿದಿತ್ತು. ಸುತ್ತ ಚಾಕುವಿನಿಂದ ಕೊಯ್ದಂಥ ಗೆರೆ.

ಗಿಡದ ಬೇರು ಅದನ್ನು ಹಿಡಿದಿತ್ತು ಅನ್ನಬಹುದು. ಬೇರು ಉಳಿದ ಕಡೆಯೂ ಇತ್ತು. ಹೊನ್ನಿ ಹಚ್ಚಿದ್ದೆಲ್ಲ ನೀರು ಸೇರಿದ ಮೇಲೂ ಈ ತುಂಡು ನಿಂತಿದೆ ಅಂದರೆ, ಅದು ಹೊನ್ನಿ ಹಚ್ಚಿದ್ದಲ್ಲ.

ಚೊಂಬು ಇನ್ನೂ ಕೈಯಲ್ಲೇ ಇತ್ತು. ಚಪ್ಪಲಿ ಬಿಟ್ಟ ಸದ್ದಾಯಿತು. ಹೊನ್ನಿ. ತಲೆಯ ಮೇಲೆ ಕೆರೆಮಣ್ಣಿನ ಬುಟ್ಟಿ. ತನ್ನ ಮಣ್ಣು ಇಳಿಯುವ ಕಾಲ ಬಂತು ಅಂತ ಅವಳಿಗೂ ಗೊತ್ತಿತ್ತಲ್ಲ. ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಬೆರಳು ನೀಡಿ ಎಡಮೂಲೆಯ ಮಣ್ಣನ್ನು ಒತ್ತಿದಳು. ಮೇಷ್ಟ್ರು ಅಲುಗಲಿಲ್ಲ.

"ಆವತ್ತು ನಿನ್ನ ಉಗುರಲ್ಲಿ ಮಣ್ಣಿತ್ತು" ಅಂದೆ. ಇಷ್ಟು ವರ್ಷದ ಮೇಲೆ ಕೇಳಿದ ರೀತಿ ಅದು.

ಅವಳಿಗೆ ಯಾವತ್ತು ಅಂತ ತಕ್ಷಣ ತಿಳಿಯಿತು. ಅಂದರೆ ಅವಳೂ ಮರೆತಿರಲಿಲ್ಲ. "ಹಚ್ಚೋಕೆ ಅಂತಲೇ ಎದ್ದಿದ್ದೆ ಕಣಪ್ಪ. ಉಂಡೆನೂ ಮಾಡ್ಕೊಂಡಿದ್ದೆ. ಬಂದು ನೋಡಿದ್ರೆ ನಿಂದು ಬಿದ್ದೇ ಇರಲಿಲ್ಲ." ಮೂಗು ಒರೆಸಿಕೊಂಡಳು. "ನೀನು ಇಷ್ಟು ದಿನ ನಾನು ಹಚ್ಚಿದ್ದು ಅಂದ್ಕೊಂಡಿದ್ಯಾ? ಕೇಳೋದಲ್ವಾ, ದಡ್ಡಪ್ಪ!"

ಕೆಂಪು ನೀರು ತೆಗೆದು ಹೊಸ ನೀರು ಬಿಟ್ಟೆ. ಮಣ್ಣಿಗೆ ನಾರು ಸೇರಿಸಿ ನಾದಿದೆ, ಎಡಮೂಲೆಯ ಆ ತುಂಡಿನ ಅಂಚಿನಿಂದಲೇ ಶುರುಮಾಡಿ ಮೇಲಕ್ಕೆ ಒತ್ತುತ್ತಾ ಹೋದೆ. ಹೊನ್ನಿ ಉಂಡೆ ಮಾಡಿ ಕೊಡುತ್ತಿದ್ದಳು. ನಡುವಿನವರೆಗೆ ಬಂದಾಗ, ಮೊದಲು ಕುರ್ಚಿ ಇದ್ದ ಜಾಗದಲ್ಲಿ, ಅವಳು ಒಂದು ಉಂಡೆ ಹಿಡಿದ ಕೈಯನ್ನು ಗೂಡಿನೊಳಗೆ ಚಾಚಿದಳು. ಚಾಚಿದವಳು ಅಲ್ಲೇ ತಡೆದಳು.

"ನಾನೀಗ ಬೇರೆ ಮನೆಯೋಳು ಅಲ್ವಾ ಅಪ್ಪಾ. ನಿಲ್ಲಲ್ಲ."

ನಾನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟೆ.

"ಬಿದ್ರೆ ಬೀಳ್ಲಿ. ನಾಳೆ ಬಂದು ಮತ್ತೆ ಹಚ್ಚು."